ಅತ್ತೆ ತಪ್ಪು ಹುಡುಕುವುದನ್ನು ಬಿಟ್ಟಾಗ

ನಮ್ಮತ್ತೆ ತಪ್ಪು ಹುಡುಕುವುದನ್ನು ಬಿಟ್ಟಾಗ ನನಗೆ ಖುಷಿಯೇ ಆಗಿತ್ತು. ಈಗ ಅದನ್ನು ಒಪ್ಪಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಕೊನೆ. ಶಂಕರಪುರದ ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಕ್ಕಳ ಕಾಪಿಪುಸ್ತಕ ತಿದ್ದಿದ ಹಾಗೆಯೇ ನನ್ನನ್ನೂ ತಿದ್ದುತ್ತಿದ್ದರು. ಸಾರಿಗೆ ಹುಳಿ ಜಾಸ್ತಿ, ಸೀರೆ ಒಣಹಾಕಿದ್ದು ಸೊಟ್ಟ, ಬ್ಯಾಂಕಿನ ಕೆಲಸದಿಂದ ಬಂದಿದ್ದು ತಡ. ಹದಿನೈದು ವರ್ಷ ಕೇಳಿದ್ದೆ. ಆಮೇಲೆ ಅದು ತಾನಾಗಿ ಕಡಿಮೆಯಾಯಿತು. ಪೇಪರ್ ಓದುವುದೂ ನಿಂತಿತು. ದಿನಾ ಸಂಜೆ ಗಾಂಧಿ ಬಜಾರಿಗೆ ಹೋಗುತ್ತಿದ್ದವರು, ಚೀಲ ಕೈಗೆ ಕೊಟ್ಟರೂ ಕುರ್ಚಿಯಿಂದ ಏಳಲಿಲ್ಲ.

"ಅಮ್ಮ ಯಾಕೋ ಸರಿಯಿಲ್ಲ ಕಣೇ," ಎಂದರು ನನ್ನ ಗಂಡ.

"ವಯಸ್ಸಾಯ್ತಲ್ಲ, ಸಮಾಧಾನ ಬಂದಿದೆ ಬಿಡಿ," ಎಂದೆ.

ಬೇಜಾರಾದ ದಿನ ಬೈದೂ ಇದ್ದೆ. "ಬೆಳಿಗ್ಗೆಯಿಂದ ಕೂತೇ ಇದೀರಲ್ಲ ಅತ್ತೆ, ತಲೆನಾದ್ರೂ ಬಾಚ್ಕೋಬಾರ್ದಾ?"

"ಬಾಚ್ಕೋತೀನಿ," ಎಂದವರು ಸಂಜೆಯವರೆಗೂ ಅಲ್ಲೇ ಕೂತಿದ್ದರು. ಬೇಕೆಂದೇ ಹಟ ಮಾಡುತ್ತಿದ್ದಾರೆ ಅನ್ನಿಸಿತ್ತು.

ಒಂದು ಭಾನುವಾರ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಅತ್ತೆಗೆ ಬಡಿಸಿ, ನಾನು ಬಾಯಿಗಿಟ್ಟಾಗಲೇ ಗೊತ್ತಾಗಿದ್ದು. ಹೋಗಿ ನೋಡಿದರೆ ಅವರು ಒಂದು ಮಾತೂ ಆಡದೆ ಅಷ್ಟನ್ನೂ ಊಟ ಮಾಡಿದ್ದರು. ಆ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತಾಗ ನನಗೆ ಭಯವಾಯಿತು. ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರು ಅಲ್ಜೈಮರ್ಸ್ ಎಂದರು.

"ಮರೆವು ಅಷ್ಟೇನಿಲ್ವಲ್ಲ ಡಾಕ್ಟ್ರೇ?" ಎಂದೆ.

"ಕೆಲವರಲ್ಲಿ ಮೊದಲು ಕಾಣೋದೇ ಇದು. ಮನಸ್ಸು ಮಾಡಿ ಒಂದು ಕೆಲಸ ಶುರು ಮಾಡ್ಸೋ ಭಾಗ ಇರತ್ತಲ್ಲ ಮಿದುಳಲ್ಲಿ, ಅದು ಸೊರಗ್ತಾ ಇದೆ. ಸೋಮಾರಿತನ ಅಲ್ಲ, ಹಟನೂ ಅಲ್ಲ. ನೀವು ಶುರು ಮಾಡ್ಕೊಡಿ, ಜೊತೆಗೆ ಮಾಡ್ತಾರೆ."

ನಾನು ತಲೆ ಎತ್ತಲಿಲ್ಲ.

ಅದು ಅವರೆಕಾಯಿ ಕಾಲ. ನೆನೆಸಿದ ಕಾಳಿನ ಪಾತ್ರೆಯನ್ನು ಅತ್ತೆಯ ಮುಂದಿಟ್ಟು ಪಕ್ಕದಲ್ಲೇ ಕೂತೆ. ಒಂದು ಕಾಳನ್ನು ಅವರ ಬೆರಳುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿದೆ. ಸಿಪ್ಪೆ ಬಿಟ್ಟು ಕಾಳು ಪುಳಕ್ಕನೆ ಹೊರಬಂತು. ಎರಡನೆಯದಕ್ಕೂ ಹಾಗೇ ಮಾಡಿದೆ. ಮೂರನೆಯದನ್ನು ಅವರೇ ತೆಗೆದುಕೊಂಡರು. ನಡುವೆ ನಾನು ಫೋನಿಗೆ ಎದ್ದು ಹೋದಾಗ ಅವರ ಕೈ ನಿಂತುಹೋಗಿತ್ತು. ಬಂದು ಕೂತ ಮೇಲೆ ಮತ್ತೆ ಹಿದುಕತೊಡಗಿದರು.

ತಲೆ ಬಾಚುವುದು, ಬಟ್ಟೆ ಮಡಿಸುವುದು, ಎಲ್ಲವೂ ಆಮೇಲೆ ಹಾಗೆಯೇ ನಡೆಯಿತು. ಮೂರು ಚಳಿಗಾಲ ಇಬ್ಬರೂ ಕೂತು ಅವರೆಕಾಳು ಹಿದುಕಿದೆವು. ನಾಲ್ಕನೆಯದಕ್ಕೆ ಕಾಳು ಅವರ ಬೆರಳಿಗೆ ಸಿಗದಾಯಿತು. ಆಗ ಕೆಲಸದ ನೆಪವಿಲ್ಲದೆ, ಜಗಲಿಯ ಬಿಸಿಲಿನಲ್ಲಿ ಸುಮ್ಮನೆ ಕೂರುತ್ತಿದ್ದೆವು.

"ನಾನು ಬೈತಿದ್ದೆ ನಿಮಗೆ. ಬೇಜಾರಾಗ್ತಿತ್ತಾ ಅತ್ತೆ?" ಎಂದು ಒಂದು ದಿನ ಕೇಳಿದೆ.

ಬಿಸಿಲು ಅವರ ಕಣ್ಣಿಗೆ ಬೀಳುತ್ತಿತ್ತು. ಕುರ್ಚಿಯನ್ನು ನೆರಳಿಗೆ ಸರಿಸಿ, ಅವರ ಕೈ ಹಿಡಿದುಕೊಂಡು ಮತ್ತೆ ಕೂತೆ.