ಗ್ರಾಫಿನಲ್ಲಿ ಕಂಡ ಕ್ಯಾಲ್ಸಿಯಂ

"ಕ್ಯಾಲ್ಸಿಯಂ ಎಲ್ಲಿಂದ ಬಂತಯ್ಯಾ?" ಎಂದು ನಮ್ಮ ಗೈಡ್ ಇವತ್ತು ಲ್ಯಾಬಿನಲ್ಲಿ ಕೂಗಾಡಿದರು, ಸ್ನೇಹಿತರೇ. ಬಿಸಿ ತಾಗಿದರೆ ಸ್ಥಿತಿ ಬದಲಿಸುವ ಮಿಶ್ರಲೋಹಕ್ಕೆ ಎಕ್ಸ್-ರೇ ಬಿಟ್ಟು, ಅದರ ಮೇಲ್ಪದರದಲ್ಲಿ ಯಾವ ಪರಮಾಣು ಯಾವುದಕ್ಕೆ ಅಂಟಿದೆ ಎಂದು ನೋಡುವುದು ನಮ್ಮ ಕೆಲಸ. ಇವತ್ತಿನ ಗ್ರಾಫಿನಲ್ಲಿ ನಮ್ಮ ಲೋಹದಲ್ಲಿ ಇರಲೇಬಾರದ ಕ್ಯಾಲ್ಸಿಯಂ, ರಂಜಕ ಎದ್ದು ಕಂಡವು.

ಸ್ಯಾಂಪಲ್ ಇಟ್ಟವನು ನನ್ನ ಜೊತೆ ಸಂಶೋಧನೆ ಮಾಡುವ ಜೋಗುಪಾಳ್ಯದ ಮುರುಗೇಶ. ನಿನ್ನೆ ಅವನ ತಾಯಿಯನ್ನು ಸುಟ್ಟರು. "ಈ ಸ್ಲಾಟ್ ಬಿಟ್ರೆ ಇನ್ನೆರಡು ತಿಂಗಳು ಮೆಷೀನ್ ಸಿಗಲ್ಲ" ಎಂದು ರಜೆ ನಿರಾಕರಿಸಿದ್ದವರು ಇದೇ ಗೈಡ್. ಬೆಳಿಗ್ಗೆ ಸ್ಮಶಾನದಲ್ಲಿ ಮೂಳೆ ಆಯ್ದು, ಅವನು ನೇರ ಲ್ಯಾಬಿಗೆ ಬಂದಿದ್ದ.

"ಗ್ಲೌಸ್ ಹಾಕಿದ್ದೆ ಸರ್. ಶರ್ಟ್ ತೋಳಲ್ಲಿ ಬೂದಿ ಇತ್ತೇನೋ," ಎಂದ.

ಗೈಡ್ ನನ್ನ ಕಡೆ ತಿರುಗಿ, "ಮೇಲ್ಗಡೆ ಪದರ ತೆಗೆದು ಇನ್ನೊಂದ್ಸಲ ರನ್ ಮಾಡಮ್ಮ," ಎಂದರು. ಪದರ ಕೆರೆದು ತೆಗೆಯುವ ಅಯಾನು ಕಿರಣದ ಬಟನ್ ಒತ್ತಿದೆ. ಎರಡೇ ನಿಮಿಷದಲ್ಲಿ ಆ ತಾಯಿ ಗ್ರಾಫಿನಿಂದಲೂ ಹೋದರು.

ಸ್ಲಾಟ್ ಮಾತ್ರ ವ್ಯರ್ಥವಾಗಲಿಲ್ಲ, ನೋಡಿ.