ಮಡಿಗೆ ಮುಂಚಿನ ಗುಳಿಗೆ

ತಾರಾಬಾಯಿ ಅತ್ತೆಯ ಮೊಣಕಾಲಿನ ಸುದ್ದಿ ಬಂದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಒಬ್ಬರ ಹೆಸರು ಹೇಳಿ ಮುಗಿಸಲಾರೆ. ಗುಳಿಗೆಯ ಮೇಲೆ, ಮಡಿಯ ಮೇಲೆ, ನಮ್ಮ ಮಾವನವರ ಮೇಲೆ, ಅಷ್ಟೇ ಏಕೆ, ಆಕೆಯ ಮೇಲೂ ಸಿಟ್ಟೇ.

ಆಕೆ ನನ್ನ ಮಾವ ರಘೋತ್ತಮಾಚಾರ್ಯರ ಅಕ್ಕ. ನನ್ನ ಗಂಡನ ತಾಯಿ ಬೇಗ ತೀರಿಹೋಗಿದ್ದರಿಂದ ನನಗೆ ಅತ್ತೆ ಎಂದರೆ ಇವಳೇ. ಹದಿಮೂರಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ನೇಸರಗಿಯ ತವರಿಗೆ ಮರಳಿದವಳು ಅಂದಿನಿಂದ ಅಡಿಗೆಮನೆಯನ್ನೇ ತನ್ನ ರಾಜ್ಯ ಮಾಡಿಕೊಂಡಿದ್ದಳು. 1951ರಲ್ಲಿ ನಾನು ಸೊಸೆಯಾಗಿ ಬಂದಾಗ ಆಕೆಗೆ ಅರವತ್ತರ ಹತ್ತಿರ. ನಸುಕಿನಲ್ಲಿ ತಣ್ಣೀರು ಮಿಂದು, ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರೆ ದೇವರ ನೈವೇದ್ಯ ಮುಗಿದು, ಎಲ್ಲರಿಗೂ ಬಡಿಸಿ, ಮಧ್ಯಾಹ್ನ ಕಳೆದ ಮೇಲೆ ತನ್ನ ಒಂದೇ ಊಟ. ನಾನು ಹೊಸ್ತಿಲ ಹತ್ತಿರ ಹೋದರೂ ಸಾಕು, ಒಳಗಿನಿಂದ ಮಾತು ಬರುತ್ತಿತ್ತು.

"ಅಲ್ಲೇ ನಿಂದ್ರು. ನೀ ಮಾಡಿದ ಸಾರು ಉಂಡ್ರ ದೇವರಿಗೂ ನೆಗಡಿ ಬರ್ತದ."

ನನಗೆ ನಗೆ ಬರುತ್ತಿತ್ತು. ಆಕೆಯ ಸಾರಿನ ಮುಂದೆ ನನ್ನ ಸಾರು ಬಿಸಿನೀರೇ ಆಗಿತ್ತು, ಸುಳ್ಳೇಕೆ ಹೇಳಲಿ.

ನಾನು ಬಂದ ಎರಡನೆಯ ವರ್ಷ ಆಕೆಯ ಮೊಣಕಾಲು ಕೈಕೊಟ್ಟವು. ಎದ್ದರೆ ಕಟಕಟ ಸದ್ದು, ಕುಳಿತರೆ ಏಳಲು ಬೀಸುಕಲ್ಲಿನ ಆಸರೆ. ಹಾಲು ಹಾಕಲು ಬರುತ್ತಿದ್ದ ಒಕ್ಕಲಗಿತ್ತಿ ತಂಗೆವ್ವ ಕೇರುಬೀಜದ ಎಣ್ಣೆ ಹಚ್ಚಿದಳು. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದೇ ಕೇರುಬೀಜ.

"ಸುಡಾಕ ಹತ್ತಿದ್ರ ಔಷಧ ಹತ್ತೈತಿ ಅಂತ ತಿಳೀರಿ ತಾರಕ್ಕಾ," ಎಂದಳು.

ಔಷಧವೇನೋ ಹತ್ತಿತು. ಎರಡೂ ಮೊಣಕಾಲಿನ ಚರ್ಮ ಬೊಬ್ಬೆ ಎದ್ದು, ಒಡೆದು, ಕೀವಾಯಿತು. ಆ ಹುಣ್ಣನ್ನೇ ಮಡಚಿಕೊಂಡು ಆಕೆ ಒಲೆಯ ಮುಂದೆ ಕೂಡುತ್ತಿದ್ದಳು. 

ಒಂದು ಸಂಜೆ ಪಡಸಾಲೆಯಲ್ಲಿ ಮಾವನವರು ನನ್ನ ಗಂಡ ಕೃಷ್ಣಾಜಿಯ ಮುಂದೆ ಹೇಳಿದರು: "ಅಕ್ಕನ ಕೈಲೆ ಇನ್ನ ಆಗೂದಿಲ್ಲ. ರಾಮದುರ್ಗದಾಗ ಚಿಕ್ಕಪ್ಪನ ಮಗಳು ಒಬ್ಬಾಕಿನೇ ಇದ್ದಾಳ, ಅಲ್ಲಿ ಬಿಟ್ಟು ಬಂದ್ರಾತು. ಅಡಿಗಿಗೆ ಸವದತ್ತಿಯಿಂದ ಯಾರನ್ನರ ತರೋಣಂತ."

ಅವರು ಕೆಟ್ಟವರಲ್ಲ. ಹಳೆಯ ಪಾತ್ರೆ ಅಟ್ಟಕ್ಕೆ ಹಾಕುವಷ್ಟೇ ಸಹಜವಾಗಿ ಅಂದರು. ಪಡಸಾಲೆಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅತ್ತೆಗೆ ಎಲ್ಲ ಕೇಳಿಸಿತ್ತು. ನಲವತ್ತೈದು ವರ್ಷ ದುಡಿದ ಮನೆಯಲ್ಲಿ ತನ್ನ ಜಾಗ ಒಲೆ ಇರುವವರೆಗೆ ಮಾತ್ರ ಎಂದು ಆಕೆಗೆ ಅವತ್ತು ಖಾತ್ರಿಯಾಯಿತು. ಮರುದಿನ ನನ್ನನ್ನು ಕರೆದು, "ನನ್ನನ್ನ ಬೈಲಹೊಂಗಲದ ಡಾಕ್ಟರ ಕಡೆ ಕರಕೊಂಡು ಹೋಗು ಅಂತ ನಿನ್ನ ಗಂಡಗ ಹೇಳು," ಎಂದಳು. ಹುಟ್ಟಿದಾಗಿನಿಂದ ಇಂಗ್ಲಿಷ್ ಔಷಧ ಮುಟ್ಟದ ಹೆಂಗಸು!

ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಡಾಕ್ಟರು ಕಾಲು ಒತ್ತಿ, ಮಡಚಿ ನೋಡಿದರು.

"ಕೀಲು ಸವದಾವ್ರಿ. ಮೊದಲಿನ್ಹಂಗ ಆಗೂದಿಲ್ಲ. ಈ ಗುಳಿಗಿ ನೋವು ಕಡಿಮಿ ಮಾಡ್ತಾವ, ಅಷ್ಟ. ದಿನಕ್ಕ ಮೂರು. ಊಟದ ಮ್ಯಾಲ ತಗೋರಿ, ಖಾಲಿ ಹೊಟ್ಯಾಗ ಮಾತ್ರ ಬ್ಯಾಡ."

ವಾರದೊಳಗೆ ಅತ್ತೆ ಯಾವ ಆಸರೆಯೂ ಇಲ್ಲದೆ ಎದ್ದು ನಿಂತಳು. ಹೋಳಿಗೆ ಮಾಡಿದಳು. ನನ್ನನ್ನು ಮೊದಲಿನಂತೆ ಗದರಿದಳು. ಮಾವನವರ ಬಾಯಲ್ಲಿ ರಾಮದುರ್ಗದ ಮಾತು ನಿಂತಿತು. ನಮಗೆಲ್ಲ ಸಂತೋಷ. ಆಕೆಯ ಮುಖ ಬಿಳಿಚಿದ್ದು ಕಂಡಾಗ ಕೇಳಿದರೆ, "ಬ್ಯಾಸಿಗಿ ಧಗಿ, ಮತ್ತೇನಿಲ್ಲ," ಎನ್ನುತ್ತಿದ್ದಳು.

ಒಂದು ದ್ವಾದಶಿಯ ಬೆಳಗ್ಗೆ ಸೂರ್ಯ ಹುಟ್ಟುತ್ತಲೇ ಪಾರಣೆಯಾಗಬೇಕಿತ್ತು. ಹಿಂದಿನ ದಿನ ಏಕಾದಶಿ, ಅತ್ತೆ ಹನಿ ನೀರೂ ಮುಟ್ಟಿರಲಿಲ್ಲ. ಎಂದಿನಂತೆ ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ಮಜ್ಜಿಗೆಯ ತಪ್ಪಲೆ ಹಿಡಿದುಕೊಂಡೇ ಕುಸಿದಳು. ಎತ್ತಲು ಒಳಗೆ ಓಡಿದೆ. ಒಲೆಯ ಪಕ್ಕ ನೆಲ ಆಗಷ್ಟೇ ಸಾರಿಸಿದಂತೆ ಹಸಿಯಾಗಿತ್ತು, ಸಗಣಿಯಲ್ಲಿ ಕೆಂಪು ಬೆರೆತಿತ್ತು. ನಸುಕಿನಲ್ಲೇ ರಕ್ತ ಕಾರಿಕೊಂಡಿದ್ದಳು. ತಾನೇ ಬಳಿದು, ಸಾರಿಸಿ, ಮತ್ತೊಮ್ಮೆ ಮಿಂದು ಬಂದು ನಮಗೆಲ್ಲ ಅಡಿಗೆ ಮಾಡಿ ಹಾಕಿದ್ದಳು. ಆ ಅನ್ನ ಆಗಲೇ ನಮ್ಮ ಹೊಟ್ಟೆಯಲ್ಲಿತ್ತು.

ಡಾಕ್ಟರು ಬಂದು ಕೇಳಿದಾಗ ಎಲ್ಲ ಹೊರಬಿತ್ತು. ಗುಳಿಗೆ ಯಾರ ಯಾರ ಕೈ ದಾಟಿ ಬಂದದ್ದೋ, ಅದನ್ನು ಮುಟ್ಟಿದರೆ ಮಡಿ ಕೆಡುತ್ತದೆ. ಉಣ್ಣುವಾಗ ಆಕೆ ಮಡಿಯಲ್ಲಿರುತ್ತಾಳೆ. ಊಟದ ಮೇಲೆ ಮುಟ್ಟಿದರೆ ಸಂಜೆಯ ದೇವರ ಕೆಲಸಕ್ಕೆ ಮತ್ತೆ ತಣ್ಣೀರು ಮೀಯಬೇಕು, ತಣ್ಣೀರಿಗೆ ಮೊಣಕಾಲು ಹಿಡಿಯುತ್ತವೆ. ಅದಕ್ಕೆ ಆಕೆ ಕಂಡುಕೊಂಡ ದಾರಿ ಸುಲಭದ್ದು. ಡಬ್ಬಿಯನ್ನು ಬಚ್ಚಲ ಗೂಡಿನಲ್ಲಿಟ್ಟು, ಸ್ನಾನಕ್ಕೆ ಮುಂಚೆ ದಿನದ ಮೂರನ್ನೂ ಒಟ್ಟಿಗೆ ನುಂಗುವುದು. ಆಮೇಲೆ ಹೊಟ್ಟೆಗೆ ಅನ್ನ ಬೀಳುವುದು ಮಧ್ಯಾಹ್ನ ಕಳೆದು. ದ್ವಾದಶಿಯ ನಸುಕಿನಲ್ಲಂತೂ ಒಂದೂವರೆ ದಿನದ ಖಾಲಿ ಹೊಟ್ಟೆ.

"ಮಲ ಕರ್ರಗ ಆಗ್ತಿತ್ತೇನ್ರಿ?"

"ತಿಂಗಳಾತು. ಒಳಗಿನ ವಾತ ಹೊರಗ ಹೊಂಟದ ಅಂತ ತಿಳದೆ," ಎಂದಳು ಅತ್ತೆ. ಆಕೆಗೆ ಅದರಿಂದ ಸಮಾಧಾನವೇ ಆಗಿತ್ತಂತೆ.

ಹೊಟ್ಟೆಯಲ್ಲಿ ಹುಣ್ಣು, ತಿಂಗಳಿಂದ ಒಳಗೇ ರಕ್ತ ಸೋರಿದೆ, ಇನ್ನು ಗುಳಿಗೆ ಮುಟ್ಟಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಎಲ್ಲರೆದುರು ಹೇಳಿ ಹೋದರು. ನಾನು ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಒಲೆ ನನ್ನ ಪಾಲಿಗೆ ಬಂತು. ಅತ್ತೆ ನಡುಮನೆಯಲ್ಲಿ ಹಾಲು ಕುಡಿದು ಮಲಗಿದಳು, ಮೊಣಕಾಲು ಮತ್ತೆ ಮರಗಟ್ಟಿದವು. ಮಾವನವರು ಬಂದು ಮಂಚದ ಹತ್ತಿರ ನಿಂತು, "ದೀಪಾವಳಿ ಆದ ಮ್ಯಾಲ ರಾಮದುರ್ಗಕ್ಕ ಹೋಗಿ ಆರಾಮ ಇರು ಅಕ್ಕಾ," ಎಂದರು. 

ತಿಂಗಳು ಕಳೆದು ಒಂದು ಬೆಳಗ್ಗೆ ನಾನು ಮಿಂದು ಬರುವಷ್ಟರಲ್ಲಿ ಒಲೆ ಉರಿಯುತ್ತಿತ್ತು. ಅತ್ತೆ ಕುಕ್ಕರಗಾಲಲ್ಲಿ ಕುಳಿತು ಬೇಳೆ ಕಡೆಯುತ್ತಿದ್ದಳು. ಆ ಕಾಲು ಹೇಗೆ ಮಡಚಿದವು ಎಂದು ನನಗೆ ಕೂಡಲೇ ಹೊಳೆಯಿತು. ಬೈಲಹೊಂಗಲದ ಸಂತೆಗೆ ಬೆಣ್ಣೆ ಒಯ್ಯುವ ತಂಗೆವ್ವನ ಕಡೆಯಿಂದ ಗುಳಿಗೆ ತರಿಸಿದ್ದಳು. ಪಾಪ, ತಂಗೆವ್ವನಿಗೆ ಡಾಕ್ಟರ ಮಾತು ಗೊತ್ತಿರಲಿಲ್ಲ.

"ಸಾಯ್ತೀರಿ ಅತ್ತೀ!" ಎಂದು ಚೀರಿದೆ. "ಉಂಡಾದ ಮ್ಯಾಲಾದ್ರೂ ತಗೋರಿ, ನಾ ನೀರು ಕಾಸಿ ಕೊಡ್ತೀನಿ."

"ಕಾದ ನೀರಿಗೆ ಎಲ್ಲೀ ಮಡಿ? ಹೊರಗ ಹೋಗು, ಮುಟ್ಟಬ್ಯಾಡ."

ನೇರ ಮಾವನವರ ಹತ್ತಿರ ಹೋಗಿ ಹೇಳಿದೆ. ಅವರು ಜಪದ ಮಣಿ ಎಣಿಸುತ್ತ, "ನಾಡದು ಅಪ್ಪನ ಶ್ರಾದ್ಧ. ಅದೊಂದು ಸಾಗಿಸಿಕೊಡಲಿ, ಆಮ್ಯಾಲ ನಾನೇ ಹೇಳ್ತೀನಿ," ಎಂದರು. ನಾನು ಅವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ. ಗಂಡ ಕೈಹಿಡಿದು ಒಳಗೆ ಎಳೆದುಕೊಂಡು ಹೋದ.

ಶ್ರಾದ್ಧದ ಅಡಿಗೆ ಪಸಂದಾಗಿತ್ತು. ಬ್ರಾಹ್ಮಣರು ವಡೆಯನ್ನು ಹೊಗಳಿ ಹೊಗಳಿ ಉಂಡರು. ಅವರು ಕೈ ತೊಳೆಯುವ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಬಿದ್ದಿದ್ದಳು. ಈ ಸಲ ಸಾರಿಸಿ ಮುಚ್ಚುವಷ್ಟು ಕಡಿಮೆ ಇರಲಿಲ್ಲ ಆ ರಕ್ತ.

ಡಾಕ್ಟರು ಬಂದು ನಾಡಿ ಹಿಡಿದು, ಬಿಟ್ಟರು. ಅವರಿಗೂ ಸಂಕಟವಾಗಿತ್ತು.

"ಗೊತ್ತಿದ್ದೂ ಯಾಕ ತಗೊಂಡ್ರಿ ತಾರಾಬಾಯಿ? ಮನ್ಯಾಗ ಸುಮ್ಮನ ಕೂತಿದ್ರ ಇನ್ನೂ ಹತ್ತು ವರ್ಷ ಬದುಕತಿದ್ರಿ."

"ಯಾರ ಮನ್ಯಾಗ?" ಎಂದಳು ಅತ್ತೆ.

ಮಾವನವರು ಬಾಗಿಲಲ್ಲೇ ನಿಂತಿದ್ದರು. ನಿನ್ನ ಮನ್ಯಾಗ ಅಕ್ಕಾ ಎನ್ನಲು ಎಷ್ಟು ಹೊತ್ತು ಬೇಕು? ಅವರು ಅನ್ನಲಿಲ್ಲ. ಅತ್ತೆ ತಮ್ಮನ ಮುಖವನ್ನು ನೋಡುತ್ತ ಕಾದಳು. ಆಮೇಲೆ ಗೋಡೆಯ ಕಡೆಗೆ ಹೊರಳಿದಳು.