ಬಯೂಮಿಯ ಕಾಲು, ಹಿತ್ತಾಳೆಯ ಕೈ

ನಮ್ಮ ಶುಬ್ರಾದ ಬೀದಿಯಲ್ಲಿ ಯಾರೂ ಯಾರನ್ನೂ ಸುಲಭಕ್ಕೆ ಹೊಗಳುವುದಿಲ್ಲ. ಚಾಲಕ ಬಯೂಮಿಯ, ಕಸುಬು ಬಲ್ಲವನೆಂದು ನಾವು ಉಸ್ತಾ ಎನ್ನುವವನ, ಬಲಗಾಲನ್ನು ಮಾತ್ರ ಎಲ್ಲರೂ ಹೊಗಳುತ್ತಿದ್ದರು. ಅವನು ಬ್ರೇಕು ತುಳಿದದ್ದು ಹಿಂದೆ ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಬಸುರಿಯನ್ನು ಆಸ್ಪತ್ರೆಗೆ ಒಯ್ಯಬೇಕೆಂದರೆ ಗಂಡಂದಿರು ಬೇರೆ ಗಾಡಿಗಳನ್ನು ಬಿಟ್ಟು ಬಯೂಮಿಯ ಬಾಗಿಲು ಬಡಿಯುತ್ತಿದ್ದರು. ಅಂಥ ಕಾಲಿನ ಮೇಲೆ ಕೆಸರು ಎರಚಿದವರ ಸಂಗತಿ ಇದು. ಇದನ್ನು ಮೆತ್ತಗೆ ಹೇಳುವ ಆಸೆ ನನಗಿಲ್ಲ.

ಬಯೂಮಿ ಮೊದಲು ಟ್ಯಾಕ್ಸಿ ಓಡಿಸಿದ. ಆಮೇಲೆ ನೆಲಹಾಸಿನ ಕಲ್ಲು ಮಾರುವ ಒಂದು ಮನೆತನಕ್ಕೆ ಚಾಲಕನಾದ. ಆ ಮನೆಯ ಮಗ ಹಾಝಿಮ್ ಶಾಲೆಗೆ ಹೋದದ್ದು ಬಯೂಮಿಯ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಲೇ. ತಂದೆ ತೀರಿಕೊಂಡ ಮೇಲೆ ಅದೇ ಹಾಝಿಮ್, ಹಾಝಿಮ್ ಬೇ, ಅಂದರೆ ಯಜಮಾನ, ಆದ. ಹಳೆಯ ಕಾರನ್ನು ಮಾರಿ ಹೊಸದನ್ನು ತಂದ. ಅದು ತಾನೇ ನೋಡುತ್ತದೆ, ತಾನೇ ಎಚ್ಚರಿಸುತ್ತದೆ, ಚಾಲಕ ಮರೆತರೆ ತಾನೇ ಬ್ರೇಕು ಹಾಕುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದ.

ಕಾರು ಬಂದ ದಿನ ಹಾಝಿಮನ ತಾಯಿ, ಹಜ್ ಮಾಡಿಬಂದು ಹಾಗ್ಗಾ ಎನಿಸಿಕೊಂಡ ದೌಲತ್, ಕುರಿ ಕೊಯ್ಯಿಸಿದಳು. ರಕ್ತದಲ್ಲಿ ಅಂಗೈ ಅದ್ದಿ ಎರಡೂ ಬಾಗಿಲಿಗೆ ಒತ್ತಿದಳು. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಇಷ್ಟು ಹೊಳೆಯುವ ಕಾರಿಗೆ ಎಷ್ಟು ಕಣ್ಣು ಬೀಳುವುದೋ ಎಂದು, ನೀಲಿ ಮಣಿ ಕೂರಿಸಿದ ಒಂದು ಹಿತ್ತಾಳೆಯ ಕೈ ತರಿಸಿ, ಮುಂದಿನ ಜಾಲರಿಯ ನಟ್ಟನಡುವೆ ತಂತಿಯಿಂದ ಬಿಗಿಸಿದಳು. ಬೀದಿಗೆ ಬೀದಿಯೇ ಮಾಡುವ ಕೆಲಸ ಅದು, ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮೂರ ರಸ್ತೆಯಲ್ಲಿ ದಾಟುವವನು ಅಂಗೈ ತೋರಿಸಿ ತನ್ನ ಹೆಜ್ಜೆಯಲ್ಲಿ ನಡೆದುಹೋಗುತ್ತಾನೆ. ಗಾಡಿಯವನು ನಿಲ್ಲುವುದಿಲ್ಲ, ವೇಗ ಕೊಂಚ ಇಳಿಸಿ ಅವನ ಬೆನ್ನ ಹಿಂದಿನಿಂದ ಜಾರಿಕೊಳ್ಳುತ್ತಾನೆ. ಇಬ್ಬರೂ ಕಣ್ಣಲ್ಲೇ ಮಾತಾಡಿ ಮುಗಿಸಿರುತ್ತಾರೆ. ಹೊಸ ಕಾರಿಗೆ ಈ ಮಾತು ಬರುತ್ತಿರಲಿಲ್ಲ. ಪಕ್ಕದ ಗಾಡಿ ಹತ್ತಿರ ಬಂದರೆ ಕಿರುಚುವುದು, ಯಾರೂ ಲೆಕ್ಕಕ್ಕಿಡದ ಬಿಳಿ ಗೆರೆ ದಾಟಿದರೆ ಸ್ಟೀರಿಂಗು ನಡುಗಿಸುವುದು. ಬಯೂಮಿ ಅದನ್ನೆಲ್ಲ ಸಹಿಸಿದ. ಹೊಸ ಸೊಸೆ ಬಂದ ಹಾಗೆ, ನಾಲ್ಕು ದಿನ ಕೂಗಾಡಿ ಸರಿಹೋಗುತ್ತಾಳೆ ಎಂದು ಕಾಫಿ ಅಂಗಡಿಯಲ್ಲಿ ನಗಿಸಿದ. ಒಮ್ಮೆ ಗಲ್ಲಿಯಿಂದ ನುಗ್ಗಿದ ಕಲ್ಲಂಗಡಿ ಗಾಡಿಯ ಮುಂದೆ ಕಾರು ತಾನಾಗಿ ನಿಂತಿತು. ಅವತ್ತು ನನಗಿಂತ ಅದೇ ಮೊದಲು ಕಂಡಿತು ಎಂದು ಅವನೇ ಒಪ್ಪಿಕೊಂಡ. ಒಪ್ಪಿಕೊಳ್ಳಲು ಹಿಂಜರಿಯುವ ಜಾತಿಯವನಲ್ಲ ಅವನು.

ಆದರೆ ತಂತಿ ಸಡಿಲವಾಗುತ್ತ ಬಂತು, ಕಾರು ಮತಿಗೆಟ್ಟಿತು. ಮುಂದೆ ನರಪಿಳ್ಳೆ ಇಲ್ಲದ ಕಡೆಯೂ ಗಕ್ಕನೆ ನಿಲ್ಲತೊಡಗಿತು. ಹಿಂದಿನವರು ಬಂದು ಗುದ್ದಿದರು, ಇಳಿದು ಬಂದು ಬೈದರು. ಖಾಲಿ ರಸ್ತೆಯಲ್ಲಿ ಬ್ರೇಕು ಹಾಕುವ ಮುದುಕನ ಬಳಿ ಏನು ವಾದ ಎಂದು ನಕ್ಕರು. ಆ ವ್ಯವಸ್ಥೆಯನ್ನು ಆರಿಸಿಬಿಡಲೇ ಎಂದು ಬಯೂಮಿ ಕೇಳಿದರೆ, ಅದಕ್ಕೆಂದೇ ಹೆಚ್ಚು ಕೊಟ್ಟು ತಂದದ್ದು, ಮುಟ್ಟಿದರೆ ನೋಡಿ ಎಂದ ಹಾಝಿಮ್. ಪ್ರತಿ ಗುದ್ದಿಗೂ ಹಾಗ್ಗಾ ಇನ್ನೊಂದು ಮಣಿ ಸೇರಿಸಿದಳು. ಹಿತ್ತಾಳೆಯ ಕೈ ಇನ್ನಷ್ಟು ತೂಗಿತು, ಕಾರು ಇನ್ನಷ್ಟು ಬೆದರಿತು.

ಒಂದು ಶುಕ್ರವಾರ ಮಧ್ಯಾಹ್ನ, ಮಗಳ ಮನೆಗೆ ಹೊರಟಿದ್ದ ಹಾಗ್ಗಾ ಹಿಂದಿನ ಸೀಟಿನಲ್ಲಿದ್ದಾಗಲೇ ಹಾಗಾಯಿತು. ತೊಡೆಯ ಮೇಲಿದ್ದ, ಅನ್ನ ತುಂಬಿದ ತರಕಾರಿಯ ಮಹಶಿ ಪಾತ್ರೆ ಹಾರಿತು, ಹಣೆ ಮುಂದಿನ ಸೀಟಿಗೆ ಬಡಿದು ಊದಿತು. ಕಾರು ಮನೆಯ ಕೆಳಗಿನ ಗ್ಯಾರೇಜಿಗೆ ಬರುವಷ್ಟರಲ್ಲಿ ಹಾಝಿಮ್ ಬಾಗಿಲಲ್ಲಿ ಕಾಯುತ್ತಿದ್ದ. ಕಟ್ಟಡದ ಕಾವಲಿನ ಇದ್ರೀಸ್, ಇಸ್ತ್ರಿಯವನು, ತರಕಾರಿಯವಳು, ಎಲ್ಲರೂ ಇದ್ದರು.

"ನಿಮ್ ಕಾಲು ಮುಗೀತು ಉಸ್ತಾ," ಎಂದ ಹಾಝಿಮ್. "ನನ್ ತಾಯೀನ ಸಾಯಿಸೋಕ್ ಮುಂಚೆ ನೀವೇ ಹೇಳ್ಬೇಕಿತ್ತು."

"ನಾನು ಬ್ರೇಕ್ ಮುಟ್ಟೇ ಇಲ್ಲ, ಬೇ."

"ಮತ್ತೆ ಯಾರು, ನಮ್ಮಪ್ಪ ಎದ್ ಬಂದು ಮುಟ್ಟಿದ್ರಾ?"

ಯಾರೋ ಕಿಸಕ್ಕೆಂದರು. ಬಯೂಮಿ ಆ ನಗುವನ್ನು ಮನೆಗೆ ಹೊತ್ತು ತಂದ. ಆ ವಾರವೆಲ್ಲ ಬೀದಿಯಲ್ಲಿ ನಡೆಯುವಾಗ ತನ್ನ ಬಲಗಾಲನ್ನೇ ನೋಡಿಕೊಳ್ಳುತ್ತಿದ್ದ. ಅದನ್ನು ನಾನು ಕಣ್ಣಾರೆ ಕಂಡೆ. ಒಬ್ಬನ ಕಸುಬನ್ನು ಕಿತ್ತುಕೊಳ್ಳುವುದು ಒಂದು ಅನ್ಯಾಯ. ಅವನಿಗೇ ಅವನ ಮೇಲೆ ಅನುಮಾನ ಬರುವಂತೆ ಮಾಡುವುದಿದೆಯಲ್ಲ, ಅದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ.

ಕೀಲಿ ಇನ್ನೂ ಅವನ ಬಳಿಯೇ ಇತ್ತು, ಕೊನೆಗೆ ಅವನೇ ಕಾರನ್ನು ರಿಪೇರಿಯವನ ಬಳಿ ಒಯ್ದ. ರಿಪೇರಿಯವನು ಮುಂದೆ ಬಗ್ಗಿ ನೋಡಿದವನೇ ನಕ್ಕುಬಿಟ್ಟ. ಜಾಲರಿಯ ಹಿಂದೆ ದಾರಿ ನೋಡುವ ರಾಡಾರ್ ಇದೆ, ಅದರ ಮುಖದ ಮೇಲೆ ಲೋಹದ ಕೈ ಕಟ್ಟಿದ್ದೀರಿ, ಅದು ಅಲ್ಲಾಡಿದಾಗೆಲ್ಲ ಕಾರಿಗೆ ಎದುರು ಏನೋ ಬಂದಂತಾಗುತ್ತದೆ ಎಂದ. ಬಯೂಮಿ ತಂತಿ ಬಿಚ್ಚಿದ. ಅಕ್ಟೋಬರ್ ಸೇತುವೆಯ ಮೇಲೆ ಹೋಗಿ ಬಂದ, ಮತ್ತೊಮ್ಮೆ ಹೋಗಿ ಬಂದ. ಕಾರು ಹಸುವಿನ ಹಾಗಿತ್ತು. ಹಿತ್ತಾಳೆಯ ಕೈಯನ್ನು ಒಗೆದ ಬಟ್ಟೆಯಲ್ಲಿ ಸುತ್ತಿ, ಮುತ್ತಿಟ್ಟು, ಗೆದ್ದವನಂತೆ ಹಾಗ್ಗಾಳ ಮನೆ ಮೆಟ್ಟಿಲು ಹತ್ತಿದ.

ಅವಳು ಬಟ್ಟೆ ಬಿಚ್ಚಿ ನೋಡಿದಳು. ಮುಖ ಬಿಳಿಚಿಕೊಂಡಿತು.

"ಕೈನೇ ಕಿತ್ತು ತಂದ್ಯಾ? ಇಷ್ಟ್ ದಿನ ಕಾರಿಗ್ ಬಿದ್ದಿದ್ದು ಯಾರ ಕಣ್ಣು ಅಂತ ಈಗ್ ಗೊತ್ತಾಯ್ತು ಬಿಡು."

ರಾಡಾರಿನ ಮಾತು ಅವಳ ಕಿವಿಗೆ ಹೋಗಲಿಲ್ಲ. ಹಾಝಿಮನಿಗೆ ಹೋಯಿತು. ಓದಿದವನು, ಅರ್ಥವಾಗದೆ ಇರಲಿಲ್ಲ. ಆದರೆ ತಾಯಿಯ ಎದುರು ಒಂದು ಮಾತು ಆಡುವುದಕ್ಕಿಂತ ಚಾಲಕನನ್ನು ಕಳಿಸುವುದು ಅವನಿಗೆ ಸಲೀಸಾಯಿತು. ಕೀಲಿ ಇಸಿದುಕೊಂಡ. ಹಾಗ್ಗಾ ಕೈಯನ್ನು ಈ ಸಲ ಸ್ಕ್ರೂ ಹಾಕಿಸಿ ಕೂರಿಸಿದಳು. ಕಾಲು ಹೋದವನು, ಕಣ್ಣು ಹಾಕಿದವನು ಎಂಬ ಎರಡು ಹೆಸರು ಹೊತ್ತು ಬಯೂಮಿ ಇಳಿದು ಬಂದ. ಶುಬ್ರಾದಲ್ಲಿ ಮಾತು ಅವನಿಗಿಂತ ಮೊದಲು ಬಂದು ಮುಟ್ಟಿತ್ತು. ಮುಂದೆ ಬಸುರಿಯರಿದ್ದ ಮನೆಗಳು ಬೇರೆಯವರನ್ನು ಕರೆದವು.

ತಿಂಗಳು ತುಂಬುವ ಮೊದಲೇ ಸ್ಕ್ರೂವೂ ಸಡಿಲಾಯಿತು, ತಾಯಿಯನ್ನು ಕೂರಿಸಿಕೊಂಡು ಹಾಝಿಮ್ ತಾನೇ ಓಡಿಸುತ್ತಿದ್ದಾಗ ಸೇತುವೆಯ ನಡುವೆ ಕಾರು ನಿಂತಿತು. ಹಿಂದಿನ ಮೈಕ್ರೋಬಸ್ಸು ಡಿಕ್ಕಿಯೊಳಗೇ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಖಾಲಿ ರಸ್ತೆಯಲ್ಲಿ ನಿಂತ ಗಂಡಸನ್ನು ಮೈಕ್ರೋಬಸ್ಸಿನವನು ತಾಯಿಯ ಎದುರಿಗೇ ಏನೇನು ಕರೆದನೋ ಅದನ್ನು ಬರೆಯಲಾರೆ, ಓದಿ ಸುಖಪಡುವವರು ಊಹಿಸಿಕೊಳ್ಳಲಿ. ಕಂಪನಿಯವರೂ ರಿಪೇರಿಯವನ ಮಾತನ್ನೇ ಹೇಳಿದರಂತೆ. ತಾಯಿ ಮಗ ಕೈ ಬಿಚ್ಚಿಸಿ ಒಳಗಿನ ಕನ್ನಡಿಯ ಪಕ್ಕ ಅಂಟಿಸಿಕೊಂಡರು.

ಆಮೇಲೆ ಹಾಝಿಮ್ ನಮ್ಮ ಕಾಫಿ ಅಂಗಡಿಗೆ ಬಂದ. ಬಯೂಮಿಯ ಎದುರು ಕುರ್ಚಿ ಎಳೆದುಕೊಂಡು, ಹಾಗ್ಗಾ ನಿಮ್ಮನ್ನೇ ಕೇಳುತ್ತಿದ್ದಾಳೆ, ಈಗಿಟ್ಟುಕೊಂಡ ಹೊಸ ಚಾಲಕ ಹುಡುಗ ಗಾಡಿ ಕುಣಿಸುತ್ತಾನೆ, ಸಂಬಳ ಹೆಚ್ಚಿಸುತ್ತೇನೆ, ಆದದ್ದು ಆಯಿತು ಎಂದ.

ಬಯೂಮಿ ಲೋಟ ಕೆಳಗಿಟ್ಟ. "ನನ್ ಕಾಲಿನ್ ತಪ್ಪಾ, ಬೇ?"

ಹಾಝಿಮ್ ಸುತ್ತ ನೋಡಿ ತಗ್ಗಿದ ದನಿಯಲ್ಲಿ, "ಅಲ್ಲ ಉಸ್ತಾ. ಬಿಡಿ ಈಗ," ಎಂದ.

"ಇಲ್ಲಿ ಹೇಳೋದಲ್ಲ. ಗ್ಯಾರೇಜಿನ್ ಬಾಗ್ಲಲ್ಲಿ. ಇದ್ರೀಸ್ ಇರ್ಲಿ, ಇಸ್ತ್ರಿಯವ್ನಿರ್ಲಿ, ಅವತ್ತು ನಕ್ಕೋರೆಲ್ಲ ಇರ್ಲಿ. ಅವತ್ತು ಎಷ್ಟ್ ಜೋರಾಗಿ ಅಂದ್ರೋ ಅಷ್ಟೇ ಜೋರಾಗಿ ಹೇಳಿ. ಮರುಗಳಿಗೇನೇ ಸ್ಟೀರಿಂಗ್ ಹಿಡೀತೀನಿ. ಹಳೇ ಸಂಬಳ ಸಾಕು."

"ಕಾವಲಿನವ್ರ ಮುಂದೆ ನಾನು ನಿಂತ್ಕೊಂಡು..."

"ಅವ್ರ ಮುಂದೇನೇ ತಾನೆ ನೀವು ಬೈದಿದ್ದು."

ಹಾಝಿಮ್ ಫೋನು ನೋಡಿದ, ಎದ್ದ, ಯೋಚಿಸಿ ತಿಳಿಸುತ್ತೇನೆ ಎಂದ. ತಿಳಿಸಲಿಲ್ಲ. ಸಂಬಳ ಹೆಚ್ಚಿಸಲು ಶುಬ್ರಾದವರೆಗೆ ಬರಬಲ್ಲ ಮನುಷ್ಯನಿಗೆ ತನ್ನ ಮನೆಯ ಗ್ಯಾರೇಜಿನವರೆಗೆ ಒಂದು ಮಾತನ್ನು ಒಯ್ಯಲಾಗಲಿಲ್ಲ.

ಬಯೂಮಿ ಈಗ ತಂತಾ ಊರಿಗೆ ಹೋಗುವ ಹಳೆಯ ಏಳು ಸೀಟಿನ ಗಾಡಿ ಓಡಿಸುತ್ತಾನೆ. ಅದರಲ್ಲಿ ಕಿರುಚುವುದು ಬಾಗಿಲಿನ ಕೀಲು ಮಾತ್ರ. ಹೋದ ವಾರ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಶುಬ್ರಾ ದಾಟುವಾಗ ಒಬ್ಬ ಹೆಂಗಸು ತಲೆಯ ಮೇಲೆ ರೊಟ್ಟಿಯ ಹಲಗೆ ಹೊತ್ತು, ಅಂಗೈ ತೋರಿಸಿ, ಇವನತ್ತ ನೋಡದೆಯೇ ರಸ್ತೆಗಿಳಿದಳು. ಬಯೂಮಿ ಅವಳ ಬೆನ್ನ ಹಿಂದಿನಿಂದ ಜಾರಿಕೊಂಡ. ಹಿಂದೆ ಕೂತವರು ಮಾತು ನಿಲ್ಲಿಸಲಿಲ್ಲ.

"ಬ್ರೇಕ್ ಹಾಕಿದ್ದು ಗೊತ್ತಾಯ್ತಾ?" ಎಂದು ನನ್ನನ್ನು ಕೇಳಿದ.

ಇಲ್ಲ ಎಂದೆ.

"ಅದನ್ನ ಹಾಝಿಮ್ ಹೇಳ್ಬೇಕಿತ್ತು," ಎಂದ.